ಟೂಂಪಿಯಾದ ಮೇಲೆ ಎದುರುಬದುರು

ಎಸ್ಟೋನಿಯಾದ ರಾಜಧಾನಿ ತಾಲಿನ್‌ನ ಹಳೇಪೇಟೆಯಿಂದ ಕಲ್ಲುಹಾಸಿನ ಏರುದಾರಿ ಹಿಡಿದರೆ ಟೂಂಪಿಯಾ ಗುಡ್ಡದ ನೆತ್ತಿ. 1991ರ ಜನವರಿಯಲ್ಲಿ ಸೋವಿಯತ್ ಟ್ಯಾಂಕುಗಳು ಬಂದಾವೆಂದು ಜನ ಇಲ್ಲಿನ ದಾರಿಗಳಿಗೆ ಹೆಬ್ಬಂಡೆ ಉರುಳಿಸಿದ್ದರು. ಮೇಲಿನ ಚೌಕದಲ್ಲಿ ಗುಲಾಬಿ ಬಣ್ಣದ ಅರಮನೆಯಿದೆ. ಅದೇ ಸಂಸತ್ತು, ರೀಗಿಕೊಗು. ಅದರೆದುರಿಗೇ ಈರುಳ್ಳಿ ಗುಮ್ಮಟಗಳ ರಷ್ಯನ್ ಚರ್ಚು. ತ್ಸಾರ್ ಆಳ್ವಿಕೆಯಲ್ಲಿ, 1900ರಲ್ಲಿ ಕಟ್ಟಿ ಮುಗಿಸಿದ್ದು. ಸಂಸತ್ತಿನ ಬಾಗಿಲಿಗೆ ಇದಕ್ಕಿಂತ ಹತ್ತಿರದ ನೆರೆಮನೆ ಇನ್ನೊಂದಿಲ್ಲ.

ಅರಮನೆಯ ಒಳಗಿನ ಸಂಸತ್ ಭವನ 1922ರದು. ಸುಟ್ಟುಹೋದ ಜೈಲೊಂದರ ಜಾಗದಲ್ಲಿ ಎದ್ದದ್ದು. ಸಭಾಂಗಣದಲ್ಲಿ 101 ಆಸನಗಳು. 1991ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಮರಳಿದ ಮೇಲೆ ಮೊದಲ ಚುನಾವಣೆ ನಡೆದದ್ದು 1992ರ ಸೆಪ್ಟೆಂಬರ್ 20ರಂದು. ಹೊಸ ಕರೆನ್ಸಿ ಕ್ರೂನ್‌ಗೆ ಆಗಿನ್ನೂ ಮೂರು ತಿಂಗಳು. ‘ಅಂಗಳ ಗುಡಿಸೋಣ’ ಎಂಬರ್ಥದ ಘೋಷಣೆ ಕೂಗಿದ ಇಸಾಮಾ ಕೂಟ 29 ಸ್ಥಾನ ಗೆದ್ದಿತು. 32 ವರ್ಷದ ಇತಿಹಾಸಕಾರ ಮಾರ್ಟ್ ಲಾರ್ ಪ್ರಧಾನಿಯಾದರು. ಅಧ್ಯಕ್ಷ ಪದವಿಗೆ ಜನರ ಮತದಲ್ಲಿ ಅರ್ನಾಲ್ಡ್ ರೂಟೆಲ್ ಮುಂದಿದ್ದರೂ ಬಹುಮತ ಸಿಗಲಿಲ್ಲ. ಆಯ್ಕೆ ಇದೇ ಸಭೆಗೆ ಬಂತು. ಎಳವೆಯಲ್ಲಿ ಗಡೀಪಾರಾಗಿದ್ದ ಲೇಖಕ ಲೆನಾರ್ಟ್ ಮೆರಿ ಗೆದ್ದರು. ರಾಜನೇ ಇಲ್ಲದ ದೇಶದಲ್ಲಿ ರಾಜಪ್ರಭುತ್ವ ಬೇಕೆಂದವರಿಗೂ 8 ಸ್ಥಾನ ಸಿಕ್ಕಿತ್ತು! ಇಂಗ್ಲೆಂಡಿನ ರಾಜಕುಮಾರ ಎಡ್ವರ್ಡ್‌ಗೆ ಪತ್ರ ಬರೆದು, ಬಂದು ನಮ್ಮ ದೊರೆಯಾಗಿ ಎಂದು ಕರೆದವರು ಇವರೇ.

ನಗು ನಿಲ್ಲುವುದು ಹೊರಗೆ ಬಂದು ಚರ್ಚಿನ ಕಡೆ ನೋಡಿದಾಗ, ಆ ಚುನಾವಣೆಯಲ್ಲಿ ಮತವಿಲ್ಲದೆ ಉಳಿದವರು ನೆನಪಾದಾಗ. 1940ರ ಸೋವಿಯತ್ ಆಕ್ರಮಣಕ್ಕೆ ಮುಂಚೆ ಪ್ರಜೆಗಳಾಗಿದ್ದವರಿಗೂ ಅವರ ಸಂತತಿಗೂ ಮಾತ್ರ ಪೌರತ್ವ ತಾನಾಗಿ ದಕ್ಕಿತ್ತು. ದೇಶದ ನಿವಾಸಿಗಳಲ್ಲಿ ಸುಮಾರು ಮೂರನೇ ಒಂದು ಪಾಲು, ಹೆಚ್ಚಿನವರು ರಷ್ಯನ್ ಮಾತಾಡುವವರು, ಮತಗಟ್ಟೆಯಿಂದ ಹೊರಗುಳಿದರು. ಸ್ವೀಡನ್‌ಗೋ ಕೆನಡಾಕ್ಕೋ ಓಡಿಹೋದ ಕುಟುಂಬದವರು ಅಲ್ಲಿಂದಲೇ ಮತ ಹಾಕಬಹುದಿತ್ತು. ತಾಲಿನ್‌ನಲ್ಲೇ ಹುಟ್ಟಿದ ವಲಸೆ ಕಾರ್ಮಿಕನ ಮಗಳು ಹಾಕುವಂತಿರಲಿಲ್ಲ. ಐವತ್ತು ವರ್ಷ ತುಳಿಸಿಕೊಂಡ ಪುಟ್ಟ ದೇಶದ ಭಯ ನನಗೆ ಅರ್ಥವಾಗುತ್ತದೆ. ಆದರೂ ಆ ಮಗಳ ಪಾಲಿಗೆ ಅದು ನ್ಯಾಯವೆಂದು ಒಪ್ಪಲು ಮನಸ್ಸು ಬರುವುದಿಲ್ಲ.

1993ರಿಂದ ಅಂಥವರಿಗೆ ಸ್ಥಳೀಯ ಚುನಾವಣೆಗಳಲ್ಲಾದರೂ ಮತವಿತ್ತು. ಉಕ್ರೇನ್ ಯುದ್ಧದ ನೆರಳಲ್ಲಿ, 2025ರ ಮಾರ್ಚ್‌ನಲ್ಲಿ ಇದೇ ರೀಗಿಕೊಗು ಸಂವಿಧಾನ ತಿದ್ದಿ ರಷ್ಯಾ, ಬೆಲಾರುಸ್ ಪ್ರಜೆಗಳಿಂದ ಅದನ್ನೂ ಹಿಂತೆಗೆದುಕೊಂಡಿತು. ಯಾವ ದೇಶದ ಪೌರತ್ವವೂ ಇಲ್ಲದವರಿಗೆ ಅದೇ ವರ್ಷದ ಅಕ್ಟೋಬರ್ ಚುನಾವಣೆಯೇ ಕೊನೆಯದು.