ಬೇಡಿ ತಂದ ಅನ್ನದ ಮನೆ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಬಡ ಮುದುಕರಿಗಾಗಿ ಒಂದು ಮನೆಯಿದೆ. 1900ರಲ್ಲಿ ಶುರುವಾದದ್ದು. ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ ಎಂಬ ಕ್ಯಾಥೊಲಿಕ್ ಸಭೆಯ ಸಿಸ್ಟರುಗಳು ಅದನ್ನು ನಡೆಸುತ್ತಾರೆ. ವಯಸ್ಸಾದ, ಕೈಯಲ್ಲಿ ಕಾಸಿಲ್ಲದ ಅಜ್ಜ ಅಜ್ಜಿಯರಿಗೆ ಅಲ್ಲಿ ಜಾಗ. ಜಾತಿ ಮತ ಕೇಳುವುದಿಲ್ಲ. ವೃದ್ಧಾಶ್ರಮಗಳು ಬಡಾವಣೆಗೊಂದಾಗಿರುವಾಗ ಇದರಲ್ಲೇನು ವಿಶೇಷ ಅನ್ನಿಸೀತು. ವಿಶೇಷವಿರುವುದು ಅಲ್ಲಿನ ಅಕ್ಕಿ ಬೇಳೆ ಬರುವ ದಾರಿಯಲ್ಲಿ. ಈ ಸಭೆಯವರು ಬಡ್ಡಿ ತರುವ ಇಡುಗಂಟು ಇಟ್ಟುಕೊಳ್ಳುವುದಿಲ್ಲ. ಇಬ್ಬಿಬ್ಬರಾಗಿ ಹೊರಟು ಅಂಗಡಿ, ಮಾರುಕಟ್ಟೆ, ಕಚೇರಿಗಳ ಬಾಗಿಲಲ್ಲಿ ನಿಂತು ಬೇಡುತ್ತಾರೆ.

ಜೋಳಿಗೆಯ ಅನ್ನದಿಂದಲೇ ಮಠಗಳು ಬೆಳೆದ ನಾಡು ನಮ್ಮದು. ಬೇಡುವುದರ ಹಿರಿಮೆ ನಮಗೆ ಹೊಸದಲ್ಲ. ಆದರೆ ಹೊಸೂರು ರಸ್ತೆಯ ಈ ಜೋಳಿಗೆ ಬಂದದ್ದು ಫ್ರಾನ್ಸಿನ ಕಡಲಂಚಿನಿಂದ. ಅದನ್ನು ಮೊದಲು ಹಿಡಿದ ಹೆಂಗಸಿನ ಹೆಸರು ಬಹುಕಾಲ ಅವರ ಸಭೆಯವರಿಗೇ ಸರಿಯಾಗಿ ತಿಳಿದಿರಲಿಲ್ಲ. ಹಾಗಾಗಿ ಮನೆಗಿಂತ ಆಕೆಯ ವಿಷಯವನ್ನೇ ಇಲ್ಲಿ ಹೆಚ್ಚು ಹೇಳಬೇಕಾಗಿದೆ.

ಜೀನ್ ಜುಗಾನ್ ಹುಟ್ಟಿದ್ದು 1792ರಲ್ಲಿ, ಬ್ರಿಟನಿ ಪ್ರಾಂತ್ಯದ ಕಾಂಕಾಲ್ ಎಂಬ ಮೀನುಗಾರರ ಊರಿನಲ್ಲಿ. ಮಗು ಇನ್ನೂ ಚಿಕ್ಕದಿರುವಾಗಲೇ ಕಡಲಿಗೆ ಹೋದ ಅಪ್ಪ ಮರಳಲಿಲ್ಲ. ಹದಿಹರೆಯದಲ್ಲಿ ಸಿರಿವಂತರೊಬ್ಬರ ಮನೆಯ ಅಡುಗೆ ಕೆಲಸಕ್ಕೆ ಸೇರಿದರು. ನಾವಿಕನೊಬ್ಬ ಮದುವೆಯಾಗಲು ಕೇಳಿದಾಗ ಒಪ್ಪಲಿಲ್ಲ. ದೇವರು ತನ್ನನ್ನು ಯಾವುದೋ ಕೆಲಸಕ್ಕೆಂದು ಇಟ್ಟಿದ್ದಾನೆ, ಅದೇನೆಂದು ಇನ್ನೂ ತಿಳಿದಿಲ್ಲ ಎಂದರಂತೆ. ಆ ಕೆಲಸ ತಿಳಿಯುವ ಹೊತ್ತಿಗೆ ಅವರಿಗೆ ವಯಸ್ಸು ನಲವತ್ತೇಳಾಗಿತ್ತು.

1839ರ ಚಳಿಗಾಲ. ಸೇಂಟ್ ಸರ್ವಾನ್ ಪಟ್ಟಣದಲ್ಲಿ ಕಣ್ಣು ಕಾಣದ, ಅರ್ಧ ಮೈ ಸ್ವಾಧೀನವಿಲ್ಲದ ಆನ್ ಶೊವಾಂ ಎಂಬ ಮುದುಕಿ ದಿಕ್ಕಿಲ್ಲದೆ ಉಳಿದಿದ್ದಳು. ಜೀನ್ ಆಕೆಯನ್ನು ಬೆನ್ನ ಮೇಲೆ ಹೊತ್ತು ಇಕ್ಕಟ್ಟಿನ ಮೆಟ್ಟಿಲೇರಿ ತಮ್ಮ ಬಾಡಿಗೆ ಮನೆಗೆ ತಂದರು. ತಮ್ಮ ಹಾಸಿಗೆ ಬಿಟ್ಟುಕೊಟ್ಟು ತಾವು ಅಟ್ಟದಲ್ಲಿ ಮಲಗಿದರು. ಸಭೆಯ ಹುಟ್ಟು ಇಷ್ಟೇ. ಕಟ್ಟಡವಿಲ್ಲ, ಸಮಿತಿಯಿಲ್ಲ, ಒಂದು ಹಾಸಿಗೆ. ಆಮೇಲೆ ಇನ್ನೊಬ್ಬಳು ಮುದುಕಿ ಬಂದಳು, ಮತ್ತೊಬ್ಬಳು ಬಂದಳು. ಕೂಲಿಯ ದುಡ್ಡು ಸಾಲದಾಯಿತು.

ಆಗ ಜೀನ್ ಮಾಡಿದ ಕೆಲಸ ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ದೊಡ್ಡದಾಗಿ ಕಾಣುತ್ತದೆ. ಅವರು ಸಾಕುತ್ತಿದ್ದ ಮುದುಕಿಯರಲ್ಲಿ ಹಲವರು ಮೊದಲು ಬೀದಿಯಲ್ಲಿ ಬೇಡುತ್ತಿದ್ದವರು. ಯಾವ ಯಾವ ಮನೆಯವರು ನಿಮಗೆ ಕೊಡುತ್ತಿದ್ದರು ಎಂದು ಜೀನ್ ಒಬ್ಬೊಬ್ಬರನ್ನೇ ಕೇಳಿ ತಿಳಿದುಕೊಂಡರು. ಅವರ ಬದಲಿಗೆ ತಾವೇ ಬುಟ್ಟಿ ಹಿಡಿದು ಆ ಬಾಗಿಲುಗಳಿಗೆ ಹೋದರು. ಇನ್ನು ಆಕೆ ಬರುವುದಿಲ್ಲ, ನಾನು ಬರುತ್ತೇನೆ, ಆಕೆಗೆ ಕೊಡುತ್ತಿದ್ದುದನ್ನು ನನಗೆ ಕೊಡಿ ಎಂದು ಕೇಳಿದರು. ದಾನ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಇನ್ನೊಬ್ಬರ ಅವಮಾನವನ್ನು ತನ್ನ ಮೇಲೆ ಹಾಕಿಕೊಂಡು ಹೊಸ್ತಿಲ ಹೊರಗೆ ನಿಲ್ಲುವವರು ಎಷ್ಟು ಮಂದಿ? ಒಮ್ಮೆ ಒಬ್ಬಾತ ಕೆನ್ನೆಗೇ ಹೊಡೆದನಂತೆ. ಇದು ನನಗೆ ಸಂದಿತು, ಈಗ ನನ್ನ ಬಡವರಿಗೆ ಏನಾದರೂ ಕೊಡಿ ಎಂದು ಅವರು ಮತ್ತೆ ಕೈ ಚಾಚಿದರೆಂದು ಸಿಸ್ಟರುಗಳು ಇಂದಿಗೂ ಹೇಳಿಕೊಳ್ಳುತ್ತಾರೆ. ಆಮೇಲೆ ಆಂಜೆ ಊರಿನಲ್ಲಿ ತೆರೆದ ಮನೆಯಲ್ಲಿ ಅಜ್ಜಿಯರು ಬೆಣ್ಣೆಯಿಲ್ಲದೆ ಒಣ ಬ್ರೆಡ್ ತಿನ್ನುವುದನ್ನು ಕಂಡು, ಖಾಲಿ ಬೆಣ್ಣೆ ಪಾತ್ರೆಗಳನ್ನು ಸಂತ ಜೋಸೆಫರ ಪ್ರತಿಮೆಯ ಮುಂದೆ ಇಡಿಸಿದ್ದರು. ಬೆಣ್ಣೆ ಬಂತು.

1845ರಲ್ಲಿ ಫ್ರೆಂಚ್ ಅಕಾಡೆಮಿ ಅವರಿಗೆ ಮೊಂತಿಯೋಂ ಪ್ರಶಸ್ತಿ ಕೊಟ್ಟಿತು, ಜೊತೆಗೆ 3,000 ಫ್ರಾಂಕ್. ಹೊರಗಿನವರು ಹೀಗೆ ಗುರುತಿಸಿದರೂ ಒಳಗೆ ಬೇರೆಯೇ ನಡೆದಿತ್ತು. ಈ ಕೆಲಸದಲ್ಲಿ ಜೊತೆಗೂಡಿದ್ದ ಸಂಗಾತಿಗಳು 1843ರಲ್ಲಿ ಜೀನ್ ಅವರನ್ನೇ ಮತ್ತೆ ಹಿರಿಯಳಾಗಿ ಆರಿಸಿದ್ದರು. ಸಲಹೆಗಾರರಾಗಿದ್ದ ಪಾದ್ರಿ ಲ ಪಾಯೂರ್ ಆ ಆಯ್ಕೆಯನ್ನು ರದ್ದು ಮಾಡಿ, ಇನ್ನೂ ಎಳೆಯವಳಾದ ಮೇರಿ ಜಾಮೆಯನ್ನು ಕೂರಿಸಿದರು. ಸಂಸ್ಥಾಪಕ ತಾನೇ ಎಂಬ ಕತೆಯನ್ನೂ ಬೆಳೆಸಿದರು. 1852ರಲ್ಲಿ ಜೀನ್ ಅವರನ್ನು ಬೇಡುವ ಕೆಲಸದಿಂದಲೂ ಬಿಡಿಸಿ ಸಭೆಯ ಮುಖ್ಯ ಮನೆಯಾದ ಮಾತೃಗೃಹಕ್ಕೆ ಕರೆಸಿಕೊಂಡರು. ಅಲ್ಲಿಂದ ಸಾಯುವವರೆಗೆ, 27 ವರ್ಷ, ಅವರು ಹೊಸದಾಗಿ ಸೇರಿದ ಹುಡುಗಿಯರ ನಡುವೆ ಒಬ್ಬರಾಗಿ ಉಳಿದರು. ಈ ಮುದುಕಿಯೇ ತಮ್ಮ ಸಭೆಯ ತಾಯಿ ಎಂದು ಆ ಹುಡುಗಿಯರಿಗೆ ಯಾರೂ ಹೇಳಿರಲಿಲ್ಲ.

ಆದರೂ 1865ರಲ್ಲಿ, ಸ್ಥಿರ ಆದಾಯ ಇಟ್ಟುಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ, ಜೀನ್ ಅವರನ್ನೂ ಸಮಾಲೋಚನೆಗೆ ಕರೆದು ಕೇಳಿದರು. ಬೇಡ ಎಂದರು. ಅದೇ ನಿಯಮವಾಯಿತು. 1879ರಲ್ಲಿ ಅವರು ತೀರಿಕೊಂಡಾಗ ಸುಮಾರು 2,400 ಸಿಸ್ಟರುಗಳಿದ್ದರು, 177 ಮನೆಗಳಿದ್ದವು. 1890ರಲ್ಲಿ ಲ ಪಾಯೂರ್ ಅವರನ್ನು ರೋಮ್ ಕೆಳಗಿಳಿಸಿತು. ಜೀನ್ ಅವರಿಗೆ ಸಂತ ಪದವಿ ಸಿಕ್ಕಿದ್ದು 2009ರಲ್ಲಿ.

ಭಾರತಕ್ಕೆ ಸಭೆ ಬಂದದ್ದು 1882ರಲ್ಲಿ, ಮೊದಲು ಕೋಲ್ಕತ್ತಕ್ಕೆ. ಆಮೇಲೆ ಬೆಂಗಳೂರು. ಸನ್ಯಾಸಿನಿಯರ ಮಾಮೂಲಿನ ಮೂರು ವ್ರತಗಳ ಜೊತೆಗೆ ಇವರದು ನಾಲ್ಕನೆಯದೂ ಒಂದು: ಆತಿಥ್ಯ. ಬಂದ ಮುದುಕರು ಫಲಾನುಭವಿಗಳಲ್ಲ, ಮನೆಯವರು. ಸಾವು ಹತ್ತಿರ ಬಂದವರ ಹಾಸಿಗೆಯ ಬಳಿ ಹಗಲಿರುಳು ಯಾರಾದರೊಬ್ಬ ಸಿಸ್ಟರ್ ಕೂತಿರುತ್ತಾರೆ. ಒಬ್ಬಂಟಿಯಾಗಿ ಯಾರೂ ಹೋಗಬಾರದು ಎಂಬುದು ಅವರ ಹಟ. ಇದಕ್ಕೆಲ್ಲ ಕೈಗಳು ಬೇಕು. ಯುರೋಪ್, ಅಮೆರಿಕಗಳಲ್ಲಿ ಈ ಸಭೆಗೆ ಸೇರುವ ಹುಡುಗಿಯರು ಕಡಿಮೆಯಾಗಿ ಎಷ್ಟೋ ಮನೆಗಳು ಮುಚ್ಚಿವೆ.

ನಮ್ಮ ನಗರದ್ದು ಇನ್ನೊಂದು ಬಗೆಯ ಕಷ್ಟ ಎಂದು ನನಗನ್ನಿಸುತ್ತದೆ. ದಿನಸಿ ಅಂಗಡಿಯ ಯಜಮಾನ ಗಲ್ಲಾದ ಮುಂದೆ ಕೂತಿದ್ದರೆ ಅವನ ಮುಖ ನೋಡಿ ಕೇಳಬಹುದು. ಅವನೂ ಒಳಗಿನ ಹುಡುಗನಿಗೆ ಒಂದು ಮೂಟೆ ತಾ ಎನ್ನಬಹುದು. ಅಕ್ಕಿಯಿಂದ ಕೊತ್ತಂಬರಿ ಸೊಪ್ಪಿನವರೆಗೆ ಎಲ್ಲವನ್ನೂ ಮೊಬೈಲಿನಲ್ಲಿ ತರಿಸಿಕೊಳ್ಳುವ ಊರಿನಲ್ಲಿ ಯಾರ ಬಾಗಿಲಿಗೆ ಹೋಗುವುದು? ಕೇಳಿದರೆ ಕೊಡುವ ಅಧಿಕಾರ ಕೌಂಟರಿನ ಹುಡುಗಿಗಿಲ್ಲ, ಸಾಮಾನು ತಂದುಕೊಡುವ ಹುಡುಗನಿಗೂ ಇಲ್ಲ. ಹೊಸೂರು ರಸ್ತೆಯಲ್ಲಿ ದಿನವೂ ಓಡಾಡುವವರು ಒಂದು ಚೀಲ ಅಕ್ಕಿಯನ್ನೋ ನಾಲ್ಕು ಸೋಪನ್ನೋ ಆ ಗೇಟಿನಲ್ಲಿ ಕೊಟ್ಟು ಬರಬಹುದು. ಆ ಇಬ್ಬರು ಸಿಸ್ಟರುಗಳು ನಮ್ಮ ಬೀದಿಗೇ ಬಂದು ಕೇಳಲಿ ಎಂದು ಕಾಯುವುದು ಬೇಡ.