ಜರಡಿಯಲ್ಲದ ಜರಡಿ

ಮಾಗಡಿಯ ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜಿ ಕೊಡದ ಬಾಯಿಗೆ ಹಳೆಯ ಸೀರೆಯ ತುಂಡನ್ನು ಮಡಿಸಿ ಕಟ್ಟಿ ನೀರು ಸೋಸುತ್ತಿದ್ದರು. ಇದನ್ನೇ ರೀಟಾ ಕೊಲ್ವೆಲ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದಲ್ಲಿ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಕಾಲರಾದ ಅಣುಜೀವಿ ಬಟ್ಟೆಯ ಕಿಂಡಿಗಿಂತ ಎಷ್ಟೋ ಸಣ್ಣದು. ಆದರೆ ಅದು ನೀರಿನ ಕಿರುಜೀವಿಗಳಿಗೆ ಅಂಟಿಕೊಂಡಿರುತ್ತದೆ. ಕುದುರೆಯನ್ನು ತಡೆದರೆ ಸವಾರನೂ ನಿಂತಂತೆಯೇ. ಹೊಸ ಸೀರೆಗಿಂತ ಹಳೆಯದೇ ಮೇಲಂತೆ. ಒಗೆದೊಗೆದು ಎಳೆ ಸಡಿಲಿ ಕಿಂಡಿ ಕಿರಿದಾಗಿರುತ್ತದೆ.

ನೀರಿನ ಸೋಸುವಿಕೆ ಬಹುಮಟ್ಟಿಗೆ ಜರಡಿಯ ಕೆಲಸ. ಗಾಳಿಯದೂ ಹಾಗೆಯೇ ಎಂದು ನಾನು ಬಹುಕಾಲ ನಂಬಿದ್ದೆ. ಚನ್ನಪಟ್ಟಣದಲ್ಲಿ ಆಲೆಮರದ ಬೊಂಬೆ ಕಡೆಯುವವರು ಮೂಗಿಗೆ ಟವೆಲ್ಲು ಸುತ್ತಿಕೊಳ್ಳುವುದನ್ನು ಕಂಡಿದ್ದೇನೆ. ದಪ್ಪ ಧೂಳು ಅದರಲ್ಲಿ ನಿಲ್ಲುತ್ತದೆ, ನವುರಾದದ್ದು ಒಳಗಿಳಿಯುತ್ತದೆ. ಹಾಗಾದರೆ ಕಿಂಡಿಯನ್ನು ಕಿರಿದು ಮಾಡುತ್ತ ಹೋಗಬೇಕೆ? ಹೋದರೆ ಉಸಿರೇ ಕಟ್ಟೀತು. ನಿಜವಾಗಿ ನಡೆಯುವುದೇ ಬೇರೆ. ಗಾಳಿ ಎಳೆಯನ್ನು ಬಳಸಿ ಹರಿಯುವಾಗ ಭಾರದ ಕಣ ತಿರುಗಲಾರದೆ ಎಳೆಗೆ ಬಡಿಯುತ್ತದೆ. ತೀರ ಸಣ್ಣ ಕಣವೋ, ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಜಾತ್ರೆಯಲ್ಲಿ ದಾರಿ ತಪ್ಪಿದ ಮಗುವಿನಂತೆ ಅಲೆದು ಎಳೆಗೆ ತಾಗುತ್ತದೆ, ತಾಗಿದ್ದು ಬಿಡಿಸಿಕೊಳ್ಳಲಾರದು. ಎರಡಕ್ಕೂ ಸಿಗದೆ ನುಣುಚುವುದು ನಡುವಿನದು, ಸುಮಾರು 0.3 ಮೈಕ್ರೋಮೀಟರಿನ ಕಣ. ಮೈಕ್ರೋಮೀಟರೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಶೋಧಕಗಳನ್ನು ಒರೆಗೆ ಹಚ್ಚುವುದೂ ಇಂಥ ಕಣದಿಂದಲೇ.

ಇಲ್ಲಿ ನೆರವಾಗುವುದು ಎಳೆಯ ತೆಳುವು. ನಮ್ಮ ತಲೆಗೂದಲು ಸುಮಾರು 70 ಮೈಕ್ರೋಮೀಟರು, ರೇಷ್ಮೆಯ ಒಂಟಿ ಎಳೆ ಸುಮಾರು 10. ನ್ಯಾನೋ ಎಳೆಯಾದರೋ ಒಂದರ ಹತ್ತನೆಯ ಪಾಲಿನಿಂದ ಅರ್ಧದವರೆಗೆ. ಅದರ ಮುಂದೆ ನಾವು ಹೊಗಳುವ ರೇಷ್ಮೆ ಹಗ್ಗವೇ ಸರಿ! ಅಷ್ಟೇ ತೂಕದಲ್ಲಿ ಎಳೆಗಳು ಅನೇಕವಾಗುವುದರಿಂದ ಕಣಕ್ಕೆ ತಾಗುವ ಅವಕಾಶ ಹೆಚ್ಚು. ಗಾಳಿಯಾದರೋ ಅಂಥ ಎಳೆಯ ಮೈಮೇಲೆ ಜಾರಿ ಹೋಗುತ್ತದೆ. ರೇಷ್ಮೆಹುಳು ತಲೆಯಾಡಿಸುತ್ತ ದ್ರವವನ್ನು ನೂಲಾಗಿ ಎಳೆಯುವಂತೆ, ಮನುಷ್ಯ ವಿದ್ಯುತ್ತಿನಿಂದ ಎಳೆಯುತ್ತಾನೆ. ಸಾವಿರಾರು ವೋಲ್ಟಿನ ಸೆಳೆತಕ್ಕೆ ಸೂಜಿಮೊನೆಯ ಹನಿ ಚಾಟಿಯಂತೆ ಬೀಸಿ ನೀಳವಾಗಿ ಒಣಗುತ್ತದೆ. ಅಮೆರಿಕದಲ್ಲಿ 1902ರಲ್ಲೇ ಇದಕ್ಕೆ ಪೇಟೆಂಟು ದೊರೆತಿತ್ತು. 1930ರ ದಶಕದ ಕೊನೆಗೆ ಸೋವಿಯತ್ ರಷ್ಯದಲ್ಲಿ ಅನಿಲಮುಸುಕುಗಳಿಗೆ ಇಂಥ ಬಟ್ಟೆ ತಯಾರಾಯಿತು. ರೇಷ್ಮೆಯನ್ನೇ ಕರಗಿಸಿ ಹೀಗೆ ನೂತಿರುವುದೂ ಉಂಟು.

ರಾಮನಗರದಲ್ಲಿ ನಮ್ಮ ಭಾವನವರು ಮೂವತ್ತು ವರ್ಷ ನೂಲು ಬಿಚ್ಚಣಿಕೆ ಮಾಡಿದವರು. ಕನಕಪುರದ ಕಡೆಯಿಂದ ಬಂದ ಗೂಡು ಬೇಯುವ ಬಾಂಡ್ಲಿಯ ಮುಂದೆ ಕುಳಿತು ಉಬ್ಬಸ ಹತ್ತಿಸಿಕೊಂಡರು. ರೇಷ್ಮೆಯ ಪ್ರೋಟೀನು ಉಬ್ಬಸ ತರಬಲ್ಲದೆಂಬುದು ವೈದ್ಯರಿಗೆ ಗೊತ್ತಿರುವ ಸಂಗತಿ. “ಮೇಷ್ಟ್ರೇ, ಈ ಆವಿ ತಡೆಯೋ ಬಟ್ಟೆ ಯಾವುದಾದ್ರೂ ಇದೆಯಾ?” ಎಂದು ಒಮ್ಮೆ ಕೇಳಿದರು. ಅಂದು ನಾನು ನಕ್ಕುಬಿಟ್ಟೆ. ಇಂದಾದರೆ ಹೇಳುತ್ತಿದ್ದೆ: ಆವಿಯಲ್ಲಿ ತೇಲಿಬರುವ ಹನಿಯನ್ನೂ ಕಣವನ್ನೂ ಈ ಬಟ್ಟೆ ತಡೆದೀತು, ವಾಸನೆಯನ್ನೂ ಅನಿಲವನ್ನೂ ತಡೆಯಲಾರದು. ಧೂಳು ತುಂಬಿದರೆ ಬದಲಿಸಬೇಕು. ಮುಖಕ್ಕೂ ಮುಸುಕಿಗೂ ನಡುವೆ ಸಂದಿಯಿದ್ದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಎಲ್ಲಕ್ಕಿಂತ ಮೊದಲು, ಭಾವ, ಬಾಂಡ್ಲಿಯ ಮೇಲೊಂದು ಹೊಗೆಗೂಡು ಕಟ್ಟಿಸಿ.