ತೂತು ಕಾಸು, ಊರ ಕಾಸು

ಪೀಣ್ಯದ ಲೇತ್ ಕಾರ್ಖಾನೆಯೊಂದರಲ್ಲಿ ಹಗಲು ದುಡಿದು ಸಂಜೆ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನಿಗೆ ನನ್ನ ಸಂಗ್ರಹದ 1943ರ ತೂತು ಕಾಸನ್ನು ತೋರಿಸಿದೆ. “ಇದು ವಾಷರ್ ಅಲ್ಲವೇ ಸಾರ್?” ಎಂದ.

ಅವನ ಮಾತು ಪೂರ್ತಿ ಹುಸಿಯಲ್ಲ. ಎರಡನೆಯ ಮಹಾಯುದ್ಧದಲ್ಲಿ ತಾಮ್ರಕ್ಕೆ ಬರ ಬಂದಾಗ ಸರ್ಕಾರವು ಕಾಸಿನ ನಡುವನ್ನೇ ತೆಗೆದು, ಹಳೆಯದರ ಅರ್ಧಕ್ಕೂ ಕಡಮೆ ತೂಕದ ಈ ಬಳೆಯನ್ನು ಜನರ ಕೈಗಿತ್ತಿತು. ರೂಪಾಯಿಯ ಬೆಳ್ಳಿ 1940ರಲ್ಲಿಯೇ ಅರ್ಧಕ್ಕೆ ಇಳಿದಿತ್ತು.

ನನ್ನ ಅಕ್ಕರೆಯೆಲ್ಲ ಇಂಥ ಬಡ ನಾಣ್ಯಗಳ ಮೇಲೆ. ಅವುಗಳಲ್ಲಿ ಜರ್ಮನಿಯವು ವಿಶೇಷವಾದವು. 1914ರಲ್ಲಿ ಯುದ್ಧ ತೊಡಗಿದೊಡನೆ ಜನ ಬೆಳ್ಳಿಯನ್ನು ಬಚ್ಚಿಟ್ಟರು. ನಿಕ್ಕಲು, ತಾಮ್ರಗಳು ಮದ್ದುಗುಂಡಿನ ಕಾರ್ಖಾನೆಗಳನ್ನು ಸೇರಿದವು. ರೊಟ್ಟಿ ಕೊಳ್ಳಲು ಚಿಲ್ಲರೆಯಿಲ್ಲ. ಆಗ ಊರೂರಿನ ಪೌರಸಭೆಗಳೇ ಕಬ್ಬಿಣ, ಸತುಗಳಲ್ಲಿ ತಮ್ಮ ಹೆಸರಿನ ನಾಣ್ಯಗಳನ್ನು ಅಚ್ಚುಹಾಕಿಸಿದವು. ‘ನೋಟ್‌ಗೆಲ್ಡ್’, ಎಂದರೆ ಆಪತ್ತಿನ ಹಣ. ಊರಿನ ಮಾತಿಗೆ ಬೆಲೆಯಿರುವಷ್ಟು ದೂರವೇ ಅದರ ಓಡಾಟ. ಮುಂದೊಂದು ದಿನ ಊರು ಅದನ್ನು ಹಿಂದಕ್ಕೆ ಪಡೆದು ನಿಜವಾದ ಹಣ ಕೊಡಬೇಕು.

ಹಿಂದಿರುಗದ ಹಣ ಊರಿಗೆ ಲಾಭವೆಂಬುದು ಪೌರಸಭೆಗಳಿಗೆ ಬೇಗನೆ ಹೊಳೆಯಿತು. 1921ರ ಸುಮಾರಿಗೆ ಸಂಗ್ರಾಹಕರಿಗೆಂದೇ ಬಣ್ಣಬಣ್ಣದ ಚೀಟಿಗಳು ಹೊರಟವು. ಮೈಸೆನ್ನಿನಲ್ಲಿ ಪಿಂಗಾಣಿಯ ನಾಣ್ಯಗಳೂ ಆದವು. ಚೆಲುವಾಗಿವೆ, ನಿಜ. ಆದರೆ ಸಂತೆಯನ್ನೇ ಕಾಣದ ಆ ಚೀಟಿಗಳಿಗಿಂತ ತುಕ್ಕು ಹಿಡಿದು ಸವೆದ ಕಬ್ಬಿಣದ ಹತ್ತು ಫೆನಿಗ್ ನನಗೆ ಹೆಚ್ಚು.

ಎಲ್ಲೆ ಕಟ್ಟಿದ ಹಣ ನಮ್ಮ ನೆರೆಯಲ್ಲಿಯೂ ಇತ್ತೆಂಬುದು ಅನೇಕರಿಗೆ ತಿಳಿಯದು. ಪೀಣ್ಯಕ್ಕೆ ಅಂಟಿಕೊಂಡ ಜಾಲಹಳ್ಳಿಯಲ್ಲಿ ಎರಡನೆಯ ಯುದ್ಧಕಾಲದಲ್ಲಿ ಇಟಲಿಯ ಸೆರೆಯಾಳುಗಳಿದ್ದರು. ಬೆಂಗಳೂರಿನ ಸೆರೆಶಿಬಿರಗಳಿಗೆಂದು ಬೇರೆಯೇ ಕೂಪನ್ನುಗಳು ಅಚ್ಚಾಗಿದ್ದವು. ಬಂದಿಯ ಕೈಗೆ ನಿಜವಾದ ರೂಪಾಯಿ ಸಿಕ್ಕರೆ ಅದು ಪರಾರಿಯ ದಾರಿಖರ್ಚಾದೀತಲ್ಲವೇ? ಜರ್ಮನಿಯ ಊರು ಹಣವಿಲ್ಲದುದಕ್ಕಾಗಿ ಬದಲಿ ಹಣ ಮಾಡಿತು. ಶಿಬಿರವು ಹಣ ಕೈಗೆ ಸಿಗದಿರಲೆಂದು ಮಾಡಿತು. ಮುಳ್ಳುಬೇಲಿಯ ಆಚೆ ಆ ಕೂಪನ್ನು ಬರಿಯ ಕಾಗದ.

ಇಂಥ ನಾಣ್ಯವೊಂದು ಸಂಗ್ರಾಹಕನ ಪೆಟ್ಟಿಗೆಯಲ್ಲಿದೆಯೆಂದರೆ ಅದರ ಹಣ ಸಂದಿಲ್ಲವೆಂದೇ ಅರ್ಥ. ದುಡಿದವನು ಮರೆತನೋ, ಊರು ಬಿಟ್ಟನೋ, ರಣರಂಗದಿಂದ ಮರಳಲೇ ಇಲ್ಲವೋ! ಹೊಸದೊಂದು ಕೈಗೆ ಬಂದ ಸಂತೋಷದೊಡನೆ ಈ ಕಸಿವಿಸಿಯೂ ಬರುತ್ತದೆ. ಕೊಳ್ಳುವುದನ್ನು ಮಾತ್ರ ನಾನು ಬಿಟ್ಟಿಲ್ಲ.

ನಗರದ ಬಸ್ಸಿನಲ್ಲಿ ಚಿಲ್ಲರೆಯಿಲ್ಲದ ಕಂಡಕ್ಟರು ಟಿಕೆಟ್ಟಿನ ಬೆನ್ನಿಗೆ ಬಾಕಿಯನ್ನು ಗೀಚಿಕೊಡುವುದನ್ನು ವಾಚಕರು ಬಲ್ಲರು. ಅದೂ ಆಪತ್ತಿನ ಹಣವೇ. ಇಳಿಯುವ ನಿಲ್ದಾಣದವರೆಗೆ ಅದರ ಆಯುಸ್ಸು. ಪಾಳಿಗೆ ಹೊತ್ತಾಯಿತೆಂದು ಧುಮುಕಿ ಓಡುವವರಿಗೆ ಬಾಕಿ ಕೇಳುವ ವ್ಯವಧಾನವೆಲ್ಲಿ? ಪೀಣ್ಯದ ನಿಲ್ದಾಣದಲ್ಲಿ ಬಿದ್ದಿದ್ದ ಅಂಥ ಮೂರು ಟಿಕೆಟ್ಟುಗಳನ್ನು ಆಯ್ದು ತಂದು ಜರ್ಮನ್ ನಾಣ್ಯಗಳ ಮಗ್ಗುಲಿಗೆ ಇರಿಸಿದ್ದೇನೆ. ಒಂದರ ಮೇಲೆ ಆರು ರೂಪಾಯಿಯಿದೆ.